ಗೋಡೆ ದಾಟಿದ ಅವರೆ ಬಳ್ಳಿ

ದಾವಣಗೆರೆಯಲ್ಲಿ ಎಷ್ಟೋ ಮನೆಗಳ ಕಾಂಪೌಂಡಿನಲ್ಲಿ ಚಪ್ಪರದವರೆ ತನ್ನ ಪಾಡಿಗೆ ಬೆಳೆಯುತ್ತದೆ. ನಮ್ಮನೆಯವರು ಬೆಳೆಯಲು ಹೋದರೆ ಮಾತ್ರ ಏನಾದರೊಂದು ಆಗುತ್ತಲೇ ಇರುತ್ತದೆ.

ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಹರಿಹರದ ಹೊಳೆದಂಡೆಗೆ ಹೋಗೋದು ನಮ್ಮ ರೂಢಿ. ಹರಿಹರದಲ್ಲೇ ಇರುವ ಇವರಕ್ಕನೂ ಅಲ್ಲಿಗೆ ಬರುತ್ತಾರೆ. ತಮ್ಮನ ಕೈಯಲ್ಲಿ ಹುಲ್ಲೂ ಹುಟ್ಟೋದಿಲ್ಲ ಅಂತ ಅಕ್ಕನ ಗಟ್ಟಿ ನಂಬಿಕೆ. ಹೋದ ಸಲ ಇವರು ರೇಗಿ, ಬರೋ ಸಂಕ್ರಾಂತಿಗೆ ನಾನೇ ಬೆಳೆದ ಅವರೆಕಾಯಿ ಪಲ್ಯ ತಿನ್ನಿಸ್ತೀನಿ ಅಂತ ಮಾತು ಕೊಟ್ಟುಬಿಟ್ಟರು. ತಪ್ಪಿದರೆ ಅಕ್ಕ ಬದುಕಿರುವ ತನಕ ಆಡಿಕೊಳ್ಳುತ್ತಾರೆ.

ನೆನೆಹಾಕಿದ ಬೀಜ

ಬೀಜ ಅಕ್ಕನೇ ಕೊಟ್ಟರು. ಇವರು ಅದನ್ನು ನೆನೆಹಾಕಿ ಅಡುಗೆಕಟ್ಟೆ ಮೇಲಿಟ್ಟು ಮಲಗಿದರು. ನಮ್ಮತ್ತೆ ಎಲ್ಲರಿಗಿಂತ ಮೊದಲು ಏಳುವವರು, ನೆನೆದ ಕಾಳು ಕಂಡರೆ ಸುಮ್ಮನೆ ಬಿಡುವ ಪೈಕಿ ಅಲ್ಲ. ಮರುದಿನ ಇವರು ಉಣ್ಣುತ್ತಾ ಸಾರು ಭಾರಿ ಆಗಿದೆ ಅಂತ ಹೊಗಳಿ, ಮತ್ತೆ ಹಾಕಿಸಿಕೊಂಡರು. ಕೈ ತೊಳೆದು ಸಲಿಕೆ ಹಿಡಿದು, ಬೀಜದ ಬಟ್ಟಲೆಲ್ಲಿ ಅಂತ ಕೇಳಿದರು.

ಅತ್ತೆ, "ಹೊಟ್ಟಿಗೆ ಹಾಕ್ಕಂಡ್ಯಲ್ಲಪ್ಪ, ಇನ್ನೆಲ್ಲಿ ಹುಡುಕ್ತೀಯ?" ಅಂದರು.

ದೃಷ್ಟಿಗೆ ಚಪ್ಪಲಿ

ಅಕ್ಕ ಗೊಣಗುತ್ತಲೇ ಮತ್ತೆ ಬೀಜ ಕಳಿಸಿದರು. ಈ ಸಲ ಬಳ್ಳಿ ಬಾಗಿಲ ಮುಂದಿನ ಚಪ್ಪರಕ್ಕೆ ಹಬ್ಬಿ ಹೂ ಬಿಟ್ಟಿತು. ದಾರಿಹೋಕರೆಲ್ಲ ನಿಂತು ನೋಡತೊಡಗಿದ್ದಕ್ಕೆ, ದೃಷ್ಟಿ ಆಗುತ್ತೆ, ಒಂದು ಹಳೇ ಚಪ್ಪಲಿ ಕಟ್ಟು ಅಂದರು ಅತ್ತೆ. ಅವತ್ತೇ ಅಕ್ಕನ ಗಂಡ ನಮ್ಮನೆಗೆ ಬಂದಿದ್ದರು. ಟೀ ಕುಡಿದು ಹೊರಟು ನೋಡಿದರೆ ಬಾಗಿಲಲ್ಲಿ ಒಂದೇ ಕಾಲಿನ ಚಪ್ಪಲಿ. ಬೀದಿನಾಯಿಯನ್ನು ಎಲ್ಲರೂ ಸೇರಿ ಬೈದೆವು. ಆಮೇಲೆ ಅವರು ತಲೆಯೆತ್ತಿ ಚಪ್ಪರ ನೋಡಿದರು.

"ಬಾಗಿಲಾಗೆ ಇದ್ದಿದ್ದರಾಗೆ ಅದೇ ಹಳೇದು ಕಾಣ್ತು ಭಾವ" ಅಂದರು ಇವರು.

"ಹೋದ ತಿಂಗಳು ತಗಂಡಿದ್ದು ಮಾರಾಯ" ಅಂದರು ಭಾವ.

ಹೊಳೆದಂಡೆ

ಕಾಯಿ ಬಿಟ್ಟಿತು. ಒಂದನ್ನೂ ಮುಟ್ಟಕೂಡದು, ಎಲ್ಲ ಸಂಕ್ರಾಂತಿಗೆ ಅಂತ ಇವರ ಹುಕುಂ. ನಾವು ಸಂತೆಯಿಂದ ಅವರೆಕಾಯಿ ತಂದು ತಿಂದೆವು. ಅಷ್ಟರಲ್ಲಿ ಬಳ್ಳಿ ಗೋಡೆ ಹತ್ತಿ ಪಕ್ಕದ ಮನೆಗೆ ಇಳಿದಿತ್ತು. ಆ ಮನೆಯಾಕೆಗೆ ಯಾರ ಹುಕುಮೂ ಇರಲಿಲ್ಲ, ಬೇಕಾದಾಗ ಕಿತ್ತು ಪಲ್ಯ ಮಾಡಿದಳು. ಕಿತ್ತಷ್ಟೂ ಅವಳ ಕಡೆ ಹೊಸ ಎಳೆಗಾಯಿ ಬರುತ್ತಿತ್ತು. ನಮ್ಮ ಕಡೆಯವು ಕಾದು ಕಾದು ಬಲಿತು ಚರ್ಮವಾದವು.

ಹಬ್ಬದ ದಿನ ಹೊಳೆದಂಡೆಯಲ್ಲಿ ಪಕ್ಕದ ಮನೆಯವರೂ ನಮ್ಮ ಜತೆಗೇ ಕೂತರು. ಅಕ್ಕ ನಮ್ಮ ಪಲ್ಯ ಬಾಯಿಗಿಟ್ಟು ಅಗಿದರು, ಅಗಿದರು, ಕೊನೆಗೆ ನಾರು ತೆಗೆದು ಎಲೆಯ ಅಂಚಿಗಿಟ್ಟರು. ಇವರ ಮುಖ ನೋಡಿ ನನಗೇ ಪಾಪ ಅನ್ನಿಸಿತು. ಆಗ ಪಕ್ಕದ ಮನೆಯಾಕೆ ತನ್ನ ಪಲ್ಯ ಬಡಿಸಿದಳು. ಅಕ್ಕ ಸಜ್ಜೆ ರೊಟ್ಟಿ ಮೇಲೆ ರೊಟ್ಟಿ ತಿಂದರು. ಹೆಂಗೆ ಬೆಳೆದ್ರಿ, ಏನು ಗೊಬ್ಬರ ಹಾಕಿದ್ರಿ ಅಂತ ವಿಚಾರಿಸಿದರು.

"ನಾವೇನೂ ಮಾಡಿಲ್ಲ ಅಕ್ಕಾರೆ. ಬೀಜ ಹಾಕಿಲ್ಲ, ನೀರೂ ಬಿಟ್ಟಿಲ್ಲ. ತಾನಾಗೇ ಬಂದು ಕಾಯಿ ಬಿಡ್ತೈತೆ."

ಅಕ್ಕ ತಮ್ಮನ ಕಡೆ ತಿರುಗಿದರು. "ಕೇಳಿಸ್ಕಂಡ್ಯ? ನೀನೂ ಏನೂ ಮಾಡಬ್ಯಾಡ, ಸುಮ್ನಿರು. ಬೆಳೀತೈತೆ."

ಇವರು ಎಲೆ ಮುಂದೆ ಸರಿಸಿ, ಪಕ್ಕದ ಮನೆಯಾಕೆಯಿಂದ ಇನ್ನೊಂದಿಷ್ಟು ಪಲ್ಯ ಹಾಕಿಸಿಕೊಂಡರು.