ಭೋಜನ ಸೊಂಟವೂ ಉಪ್ಪುಂದದ ಕಾಲೂ

ಎಲ್ಲದಕ್ಕೂ ಕಾರಣ ಒಂದು ಗುಂಡಿ. ಅಂಗಿಯ ಗುಂಡಿ. ಬೊಂಬಾಯಿಯ ಭಾವ ಕಳಿಸಿಕೊಟ್ಟ ಟೆರಿಲಿನ್ ಅಂಗಿಯನ್ನು ಒಮ್ಮೆ ಹಾಕಿ ನೋಡೋಣವೆಂದು ಭೋಜ ಶೆಟ್ಟಿ ಬೆಳಿಗ್ಗೆ ಎದ್ದವನೇ ತೊಟ್ಟುಕೊಂಡ. ಮೇಲಿನ ಗುಂಡಿ ಕಿತ್ತು ಬಂದು ಉರುಳಿಕೊಂಡು ಮಂಚದ ಅಡಿಗೆ ಹೋಯಿತು. ಭೋಜ ಬಗ್ಗಿದ. ಬಗ್ಗಿದ್ದೇನೋ ಸರಿ, ಆಮೇಲೆ ಏಳಲಿಲ್ಲ.

ಸೊಂಟದಲ್ಲಿ ಏನೋ ಚಳಕ್ಕೆಂದಿತು. ಬೆನ್ನಿನ ಸ್ನಾಯುಗಳೆಲ್ಲ ಮಾತಾಡಿಕೊಂಡವರಂತೆ ಒಟ್ಟಿಗೇ ಬಿಗಿದುಕೊಂಡವು. ಉಸಿರು ಎಳೆದರೆ ಒಂದು ಸೆಳೆತ, ಬಿಟ್ಟರೆ ಇನ್ನೊಂದು. ಹೆಮ್ಮಾಡಿಯ ರಸ್ತೆ ಬದಿಯಲ್ಲಿ ಹೋಟೆಲಿಟ್ಟುಕೊಂಡು ದಿನಾ ಕಲ್ಲಿನಲ್ಲಿ ಹಿಟ್ಟು ಅರೆದವನು, ಅಕ್ಕಿ ಮುಡಿಯನ್ನು ಒಬ್ಬನೇ ಹೊತ್ತು ಒಳಗೆ ಇಟ್ಟವನು ಭೋಜ. ಆಗೆಲ್ಲ ತುಟಿಪಿಟಿಕ್ಕೆನ್ನದ ಸೊಂಟ ಒಂದು ಗುಂಡಿಗೆ ಹೀಗೆ ಕೈಕೊಟ್ಟರೆ ಯಾರ ಹತ್ತಿರ ದೂರುವುದು?

"ಎಂತ ಮಾಣಿ, ಬೆಳಿಗ್ಗೆ ಬೆಳಿಗ್ಗೆ ನೆಲ ಮೂಸ್ತಾ ಇಪ್ಪುದ್?" ಎಂದು ಒಳಗೆ ಬಂದ ತಾಯಿ ಪದ್ದಕ್ಕ ಕೇಳಿದಳು.

"ಏಳುಕ್ ಎಡಿತಿಲ್ಲೆ ಅಬ್ಬಿ."

ಬೇರೆ ದಿನವಾಗಿದ್ದರೆ ಪದ್ದಕ್ಕ ಮಗನನ್ನು ಮಲಗಿಸಿ, ಗಂಜಿ ಕೊಟ್ಟು ಸುಮ್ಮನಾಗುತ್ತಿದ್ದಳು. ಆದರೆ ಆ ದಿನ ಸಂಜೆ ನಾಲ್ಕಕ್ಕೆ ಬೈಂದೂರಿನ ಅಕ್ಕಿ ಮಿಲ್ಲಿನ ಮಂಜಯ್ಯ ಶೆಟ್ಟರು ತಮ್ಮ ತಂಗಿಯ ಮಗಳಿಗೆ ಗಂಡು ನೋಡಲು ಬರುವವರಿದ್ದರು. ಗಂಡು ಎಂದರೆ ಭೋಜನೇ. ಬ್ರಹ್ಮಾವರದಲ್ಲಿರುವ ಅವನ ಅಕ್ಕ ಅವರಿವರ ಕೈಕಾಲು ಹಿಡಿದು ಕುದುರಿಸಿದ ಸಂಬಂಧ ಅದು. ಭೋಜನಿಗೆ ಪ್ರಾಯ ಮೂವತ್ತು ದಾಟಿತ್ತು. ಹಿಂದೆ ಬಂದವರಲ್ಲಿ ಒಬ್ಬರು ಹುಡುಗ ಕಪ್ಪು ಎಂದಿದ್ದರು, ಇನ್ನೊಬ್ಬರು ಮೈಯೆಲ್ಲ ನೀರುಳ್ಳಿ ವಾಸನೆ ಎಂದಿದ್ದರು, ಮತ್ತೊಬ್ಬರು ಏನೂ ಹೇಳದೆ ಎರಡು ಪ್ಲೇಟು ಗೋಳಿಬಜೆ ತಿಂದು ಹೋದವರು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಇದೂ ತಪ್ಪಿದರೆ ಇನ್ನು ಮದುವೆಯ ಮಾತೇ ಬೇಡವೆಂದು ಭೋಜ ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದ. ಮಂಜಯ್ಯ ಶೆಟ್ಟರೋ, ನೆಟ್ಟಗೆ ನಿಂತು ಮಾತಾಡುವ ಹುಡುಗ ಬೇಕೆಂದು ಮೊದಲೇ ಹೇಳಿ ಕಳಿಸಿದ್ದರು. ಈ ಹುಡುಗ ನಿಂತರೆ ಕೈ ನೆಲಕ್ಕೆ ತಾಗುತ್ತಿತ್ತು.

ಪದ್ದಕ್ಕನ ಕೂಗು ಕೇಳಿ ಮೊದಲು ಓಡಿಬಂದವನು ಪಕ್ಕದ ಸೈಕಲ್ ಅಂಗಡಿಯ ಚೆನ್ನಯ್ಯ. ಸೈಕಲ್ಲಿನ ಹ್ಯಾಂಡಲ್ ಡೊಂಕಾದರೆ ಮುಂದಿನ ಚಕ್ರವನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ತಿರುಚಿ ನೆಟ್ಟಗೆ ಮಾಡುವುದು ಅವನ ಕ್ರಮ. ಭೋಜನಿಗೂ ಅದನ್ನೇ ಮಾಡಲು ಹೊರಟ. ಆಗ ಭೋಜ ಹಾಕಿದ ಬೊಬ್ಬೆಗೆ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರೆಲ್ಲ ಗ್ಲಾಸು ಹಿಡಿದುಕೊಂಡೇ ಒಳಗೆ ಬಂದರು. ಬಂದವರಿಗೆಲ್ಲ ಒಂದೊಂದು ಮದ್ದು ಗೊತ್ತಿತ್ತು. ಬಿಸಿ ಮರಳಿನ ಗಂಟು ಇಡಬೇಕು ಎಂದ ಒಬ್ಬ. ತಣ್ಣೀರ ಬಟ್ಟೆ ಹಾಕಬೇಕು ಎಂದ ಇನ್ನೊಬ್ಬ. ಇಬ್ಬರೂ ಹಟ ಬಿಡಲಿಲ್ಲ, ಕಡೆಗೆ ಎಡಕ್ಕೆ ಒಬ್ಬ, ಬಲಕ್ಕೆ ಒಬ್ಬ ಎಂದು ಭೋಜನ ಬೆನ್ನನ್ನು ಪಾಲು ಮಾಡಿಕೊಂಡು ಎರಡನ್ನೂ ಪ್ರಯೋಗಿಸಿದರು. ಸೊಂಟ ಎರಡೂ ಕಡೆ ಸಮನಾಗಿ ನೋಯತೊಡಗಿತು.

ಇದು ಊರ ಮದ್ದಿಗೆ ಬಗ್ಗುವುದಲ್ಲ ಎಂದು ಚೆನ್ನಯ್ಯ ತೀರ್ಮಾನಿಸಿ, ರಸ್ತೆಯಲ್ಲಿ ಹೋಗುತ್ತಿದ್ದ ಹೆಂಚಿನ ಲಾರಿಯನ್ನು ನಿಲ್ಲಿಸಿ, ಹೆಂಚುಗಳ ನಡುವೆ ಭೋಜನನ್ನು ಸೇರಿಸಿ ಕುಂದಾಪುರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಒಳ್ಳೆಯವರು. ಬೆನ್ನನ್ನು ಒತ್ತಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಹೊಡೆದರು, ಎಲ್ಲಿಂದಾದರೂ ಬಿದ್ದೆಯಾ, ಭಾರ ಎತ್ತಿದೆಯಾ ಎಂದು ವಿಚಾರಿಸಿದರು. ಗುಂಡಿ ಹೆಕ್ಕಿದೆ ಎಂದ ಭೋಜ. ಎಷ್ಟು ದೊಡ್ಡ ಗುಂಡಿ ಎಂದು ಕೇಳಬೇಕೆನಿಸಿದರೂ ಡಾಕ್ಟರು ಕೇಳಲಿಲ್ಲ. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಹಿಡಿದುಕೊಂಡಿದೆ, ಯಾಕೆ ಹಿಡಿಯಿತೆಂದು ಹೇಳಲು ಬರುವುದಿಲ್ಲ, ಹಲಗೆಯ ಮೇಲೆ ಮಲಗಿದ್ದರೆ ತಾನಾಗಿ ಬಿಡುತ್ತದೆ ಎಂದು ಹೇಳಿ ಒಂದು ಇಂಜೆಕ್ಷನ್ ಚುಚ್ಚಿದರು. ನಾಲ್ಕು ಗಂಟೆಯೊಳಗೆ ಬಿಡುತ್ತದೆಯೇ ಎಂದು ಚೆನ್ನಯ್ಯ ಕೇಳಿದ್ದಕ್ಕೆ, ಸೊಂಟಕ್ಕೆ ಬಸ್ಸಿನಂತೆ ಹೊತ್ತುಗೊತ್ತು ಇರುವುದಿಲ್ಲ ಮಾರಾಯ, ಒಂದು ವಾರವಾದರೂ ಬೇಕು ಎಂದರು.

ವಾರ ಎಂಬ ಮಾತು ಕೇಳಿ ಭೋಜನ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ. ನೋವಿಗೆ ಬರಬೇಕಾದ ನೀರು ಲಾರಿಯಲ್ಲೇ ಬಂದು ಮುಗಿದಿತ್ತು.

ಹೆಮ್ಮಾಡಿಗೆ ವಾಪಸಾಗುವಾಗ ಚೆನ್ನಯ್ಯನಿಗೆ ತಟ್ಟನೆ ಹೊಳೆಯಿತು. "ಶೆಟ್ರೆ, ಕಾಲ್ ಮುಂದಾಯಿ ಹುಟ್ಟದ್ದ್ ಯಾರಾರೂ ಒಂದ್ ಸಲ ಮೆಟ್ರ್ ಸಾಕಲೆ. ನಮ್ ಅಜ್ಜಯ್ಯಂಗೆ ಹಾಂಗೇ ಬಿಟ್ಟದ್ದ್" ಎಂದ.

ಇದು ಭೋಜನಿಗೂ ಗೊತ್ತಿದ್ದದ್ದೇ. ತಲೆ ಮುಂದಾಗಿ ಬರುವ ಬದಲು ಕಾಲು ಮುಂದಾಗಿ ಈ ಲೋಕಕ್ಕೆ ಬಂದವರು ಬೆನ್ನು ಮೆಟ್ಟಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ಈ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಯಾರು ಹೇಗೆ ಹುಟ್ಟಿದರೆಂದು ಮುಖ ನೋಡಿ ಹೇಳಲಾಗುವುದಿಲ್ಲವಲ್ಲ. ಅದಕ್ಕೆ ಸೂಲಗಿತ್ತಿ ಬೆಳ್ಳಿಯೇ ಆಗಬೇಕು. ಹೆಮ್ಮಾಡಿಯಿಂದ ಬೈಂದೂರಿನವರೆಗೆ ಹೆರಿಗೆ ಮಾಡಿಸಿ ಈಗ ಮುದುಕಿಯಾಗಿ ಜಗಲಿಯಲ್ಲಿ ಕೂತಿದ್ದ ಬೆಳ್ಳಿ, ಎಲೆಯಡಿಕೆ ಜಗಿಯುತ್ತ ತುಂಬ ಹೊತ್ತು ಯೋಚಿಸಿದಳು.

"ಕಾಲ್ ಮುಂದಾಯಿ ಬಂದ್ ಉಳ್ದದ್ದ್ ಒಂದೇ ಒಂದ್. ಉಪ್ಪುಂದದ ತೆಂಕಮನೆ ವನಜಮ್ಮನ ಮಗ್ಳ್. ಬ್ಯಾಗ ಹೋಯ್ನಿ, ಈಗ್ಳೂ ಮೆಟ್ತ್ ಅಂಬ್ರ್" ಎಂದಳು.

ಹೋಗಿ ಮೆಟ್ಟಿಸಿಕೊಂಡು ನಾಲ್ಕರೊಳಗೆ ನೆಟ್ಟಗಾಗಿ ಬರಬಹುದು ಎಂದು ಚೆನ್ನಯ್ಯ ಹೇಳಿದಾಗ ಭೋಜನ ಜೀವಕ್ಕೆ ಜೀವ ಬಂತು. ನೆಂಟರು ಬೇಗ ಬಂದರೆ ಚಾ ಕೊಟ್ಟು ಕೂರಿಸಿಕೊಳ್ಳಬೇಕು, ಮಗ ಕೆಲಸದ ಮೇಲೆ ಹೋಗಿದ್ದಾನೆ ಎನ್ನಬೇಕು ಎಂದು ಪದ್ದಕ್ಕನಿಗೆ ಹೇಳಿ ಇಬ್ಬರೂ ಬಸ್ಸು ಹತ್ತಿದರು. ಕೂರಲು ಬಾರದ ಭೋಜ ಎರಡು ಸೀಟುಗಳ ನಡುವೆ ಬಗ್ಗಿಯೇ ನಿಂತ. ಏನೋ ಬಿದ್ದು ಹೋಗಿದೆ, ಹುಡುಕುತ್ತಿದ್ದಾನೆ ಎಂದುಕೊಂಡ ಒಬ್ಬರು ತಾವೂ ಬಗ್ಗಿ ಹುಡುಕತೊಡಗಿದರು. ಅವರನ್ನು ಕಂಡು ಹಿಂದಿನವರು ಬಗ್ಗಿದರು. ತ್ರಾಸಿ ದಾಟುವಷ್ಟರಲ್ಲಿ ಬಸ್ಸಿನಲ್ಲಿ ತಲೆ ಎತ್ತಿದವನು ಡ್ರೈವರ್ ಒಬ್ಬನೇ. ಮೀನು ಮಾರುವ ಸುಗುಣ ಎಂಬವಳಿಗೆ ಸೀಟಿನ ಅಡಿಯಲ್ಲಿ ಯಾರದೋ ಒಂದು ಕಿವಿಯ ಬೆಂಡೋಲೆ ಸಿಕ್ಕಿ, ಇದಾ ನಿಮ್ಮದು ಎಂದು ಭೋಜನ ಮುಂದೆ ಹಿಡಿದಳು. ಅಲ್ಲ ಎಂದರೆ ಮತ್ತೇನು ಕಳೆದುಕೊಂಡಿರಿ ಎಂದು ಎಲ್ಲರೂ ಕೇಳುತ್ತಾರೆ. ಭೋಜ ಉಪ್ಪುಂದ ಬರುವ ತನಕ ನೆಲವನ್ನೇ ನೋಡುತ್ತ ಹೋದ.

ತೆಂಕಮನೆಯ ಅಂಗಳದಲ್ಲಿ ಚಾಪೆ ಹಾಸಿಯೇ ಇತ್ತು. ಸೊಂಟ ಹಿಡಿದವರು ಅಲ್ಲಿಗೆ ಬರುತ್ತಲೇ ಇರುತ್ತಾರೆಂದು ಅದನ್ನು ಕಂಡರೇ ಗೊತ್ತಾಗುತ್ತಿತ್ತು. ಮೆಟ್ಟಿಸಿಕೊಳ್ಳಲು ಬಂದವರ ಹೆಸರು, ಊರು ಕೇಳಿದರೆ ಗುಣ ಹಿಡಿಯುವುದಿಲ್ಲವೆಂದು ನಂಬಿಕೆ. ಹಾಗಾಗಿ ವನಜಮ್ಮ ಏನೂ ಕೇಳಲಿಲ್ಲ, ಬಗ್ಗಿದ ಆಕಾರವನ್ನು ಒಮ್ಮೆ ನೋಡಿ ಒಳಗೆ ತಿರುಗಿ ಮಗಳನ್ನು ಕರೆದಳು. ಚೆನ್ನಯ್ಯ ಭೋಜನನ್ನು ಹೇಗೋ ಕವುಚಿ ಮಲಗಿಸಿದ. ಚಾಪೆಗೆ ಕೆನ್ನೆ ಒತ್ತಿ ಮಲಗಿದ ಭೋಜನಿಗೆ ಹತ್ತಿರ ಬಂದ ಎರಡು ಪಾದಗಳು ಮಾತ್ರ ಕಂಡವು. ತೊಳೆದು ಬಂದ ಪಾದಗಳು, ಇನ್ನೂ ನೀರು ಆರಿರಲಿಲ್ಲ. ಒಂದು ಪಾದ ನೆಲ ಬಿಟ್ಟಿತು. ದೇವರೇ, ಇನ್ನೊಂದು ಗಳಿಗೆ, ಎಂದು ಭೋಜ ಕಣ್ಣು ಮುಚ್ಚಿದ.

ಆಗ ಬೇಲಿಯ ದಣಪೆಯ ಹೊರಗೆ ಕಾರು ನಿಂತ ಸದ್ದಾಯಿತು. ಯಾರೋ ಏದುಸಿರು ಬಿಡುತ್ತ ಅಂಗಳಕ್ಕೆ ಓಡಿ ಬಂದರು.

"ಜಲಜ, ಕಾಲ್ ಇಡ್ಬೇಡ. ಅದ್ ನಿಂಗ್ ಕಾಂಬುಕ್ ಹೋದ್ ಗಂಡ್."

ಬಂದವರು ಬೈಂದೂರಿನ ಮಂಜಯ್ಯ ಶೆಟ್ಟರು. ವನಜಮ್ಮ ಅವರ ತಂಗಿ, ಜಲಜ ಅವರು ಮದುವೆ ಮಾಡಿಸಹೊರಟಿದ್ದ ಸೋದರಸೊಸೆ. ಕುಂದಾಪುರದಲ್ಲಿ ಬೇರೆ ಕೆಲಸವಿದ್ದ ಕಾರಣ ಶೆಟ್ಟರು ಹೊತ್ತಿಗೆ ಮೊದಲೇ ಹೆಮ್ಮಾಡಿಗೆ ಹೋಗಿದ್ದರು. ಹುಟ್ಟಿದ ಮೇಲೆ ಒಂದು ಸುಳ್ಳು ಹೇಳಿ ಗೊತ್ತಿಲ್ಲದ ಪದ್ದಕ್ಕ, ಮಗ ಎಲ್ಲಿ ಎಂದು ಕೇಳಿದ ಕೂಡಲೇ, ಸೊಂಟ ಹಿಡಿದು ಉಪ್ಪುಂದದ ತೆಂಕಮನೆಗೆ ಮೆಟ್ಟಿಸಿಕೊಳ್ಳಲು ಹೋಗಿದ್ದಾನೆ ಎಂದುಬಿಟ್ಟಿದ್ದಳು. ಶೆಟ್ಟರು ಕೈಯಲ್ಲಿದ್ದ ಚಾ ಅಲ್ಲೇ ಇಟ್ಟು ಬಂದ ಕಾರಿನಲ್ಲೇ ಹಿಂದಕ್ಕೆ ಓಡಿಸಿದ್ದರು. ಹೆಣ್ಣಿನ ಮನೆ ಯಾವುದೆಂದಾಗಲಿ, ಅವಳು ಕಾಲು ಮುಂದಾಗಿ ಹುಟ್ಟಿದವಳೆಂದಾಗಲಿ ಅವರು ಬ್ರಹ್ಮಾವರದ ಅಕ್ಕನಿಗೆ ಹೇಳಿರಲಿಲ್ಲ. ಹೇಳಿದಲ್ಲೆಲ್ಲ ಸಂಬಂಧ ತಪ್ಪಿತ್ತು. ಊರವರ ಬೆನ್ನು ಮೆಟ್ಟಿದವಳನ್ನು ಮನೆ ತುಂಬಿಸಿಕೊಳ್ಳುವುದು ಹೇಗೆ ಎಂದು ಗಂಡಿನ ಕಡೆಯವರು ಹಿಂದೆ ಸರಿದಿದ್ದರು.

ಜಲಜಳ ಕಾಲು ಇನ್ನೂ ಗಾಳಿಯಲ್ಲೇ ಇತ್ತು. ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಇಟ್ಟಳು.

ಮಂಜಯ್ಯ ಶೆಟ್ಟರು ಚಾಪೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಭೋಜನ ಕಿವಿಗೆ ಬಾಯಿಟ್ಟು, ಸಮಾಧಾನವಾಗಿಯೇ ಹೇಳಿದರು. "ಕಾಣಿ ಭೋಜ ಶೆಟ್ರೆ. ನಿಮ್ ಬೆನ್ನ್ ಮೆಟ್ಟಿದ್ ಹೆಣ್ಣನ್ನ್ ನೀವ್ ಮದಿ ಆಪುಕಾತಿಲ್ಲೆ. ಒಂದೋ ಮೆಟ್ಟಿಸ್ಕಂಡ್ ನೆಟ್ಟಗೆ ಮನಿಗ್ ಹೋಯ್ನಿ. ಇಲ್ದಿರೆ ಸೊಂಟ ಹಾಂಗೇ ಇಟ್ಕಂಡ್ ಮದಿ ಆಯ್ನಿ. ಯಾವ್ದ್ ಬೇಕ್ ಹೇಳಿ."

ಭೋಜ ಯೋಚಿಸಿದ. ಯೋಚಿಸಲಿಕ್ಕೂ ಬೆನ್ನು ಬಿಡುತ್ತಿರಲಿಲ್ಲ. ಬೆಳಗಿನಿಂದ ಪಟ್ಟ ಪಾಡೆಲ್ಲ ಈ ಹೆಣ್ಣಿನ ಮುಂದೆ ನೆಟ್ಟಗೆ ನಿಲ್ಲಬೇಕೆಂದು, ಈಗ ನೆಟ್ಟಗಾದರೆ ಹೆಣ್ಣೇ ಇಲ್ಲ. ಒಂದು ಮೆಟ್ಟು, ಒಂದೇ ಒಂದು, ಎಂದು ಸೊಂಟ ಗೋಗರೆಯುತ್ತಿತ್ತು. ಆದರೆ ಖಾಲಿ ಮನೆಗೆ ನೆಟ್ಟಗೆ ಹೋಗಿ ಮಾಡುವುದಾದರೂ ಏನು? ಅವನಿಗೆ ತನ್ನ ಬಗ್ಗೆಯೇ ಒಮ್ಮೆ ದುಃಖ ಬಂತು.

"ಹೆಣ್ಣ್ ಎಂತ ಹೇಳ್ತ್, ಮೊದ್ಲ್ ಅದನ್ನ್ ಕೇಣಿ" ಎಂದ ಚಾಪೆಗೆ ಬಾಯಿ ಒತ್ತಿಕೊಂಡೇ.

ಅದುವರೆಗೆ ಯಾವ ಗಂಡಿನ ಕಡೆಯವರೂ ಜಲಜಳನ್ನು ಏನನ್ನೂ ಕೇಳಿರಲಿಲ್ಲ.

"ಸಣ್ಣದಿಪ್ಪತಿಂದ ಬರೀ ಬೆನ್ನೇ ಕಂಡದ್ದ್ ನಾನ್," ಎಂದಳು. "ಇವ್ರ್ ಮುಖ ಒಂಚೂರ್ ಕಾಂಬ."

ಹೆಣ್ಣು ಕೇಳಿದ್ದು ಅಷ್ಟೇ. ಆದರೆ ಅದಕ್ಕೆ ಭೋಜ ಮಗುಚಬೇಕಿತ್ತು. ಚೆನ್ನಯ್ಯ ಒಂದು ಕಡೆಯಿಂದ, ಮಂಜಯ್ಯ ಶೆಟ್ಟರು ಇನ್ನೊಂದು ಕಡೆಯಿಂದ ಕೈ ಹಾಕಿದರು. ಭೋಜ ಹಲ್ಲು ಕಚ್ಚಿದ. ಅರ್ಧ ಮಗುಚುವಾಗ ಪ್ರಾಣ ಹೋಯಿತೆಂದುಕೊಂಡ, ಪೂರ್ತಿ ಮಗುಚುವಾಗ ಹೋಗದ್ದೇ ತಪ್ಪಾಯಿತೆಂದುಕೊಂಡ. ಸೊಂಟ ಮಾತ್ರ ಬಗ್ಗಿದ ಹಾಗೇ ಇತ್ತು. ಅಂಗಾತ ಬಿದ್ದ ಆಮೆಯಂತೆ ನಾಲ್ಕೂ ಕೈಕಾಲು ಮೇಲೆ ಮಾಡಿ, ಕೆನ್ನೆಯ ಮೇಲೆ ಚಾಪೆಯ ಅಚ್ಚು ಒತ್ತಿಸಿಕೊಂಡು, ಭೋಜ ಶೆಟ್ಟಿ ತನ್ನ ಹೆಣ್ಣನ್ನು ನೋಡಿದ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಅವಳು ನಗುತ್ತಿದ್ದಳು. ತಮಾಷೆಯ ನಗುವಲ್ಲ, ಸಂತೋಷದ್ದು. ಕಂಡ ಕೂಡಲೇ ಅವನಿಗೆ ಅದು ಗೊತ್ತಾಯಿತು. ಅವನಿಗೂ ನಗು ಬಂತು. ನಕ್ಕರೆ ಎಷ್ಟು ನೋಯುತ್ತದೆ ಎಂದೂ ಆಗಲೇ ಗೊತ್ತಾಯಿತು.

ಜಲಜ ತಾಯಿಯ ಕಿವಿಯಲ್ಲಿ ಏನೋ ಹೇಳಿದಳು. ವನಜಮ್ಮ ಅಣ್ಣನ ಮುಖ ನೋಡಿ ತಲೆಯಾಡಿಸಿದಳು. ಮೆಟ್ಟುವ ಹೆಣ್ಣೆಂದು ಗೊತ್ತಾದ ಮೇಲೂ ಓಡಿಹೋಗದ ಗಂಡು ಇವನೊಬ್ಬನೇ ಎಂದು ಮಂಜಯ್ಯ ಶೆಟ್ಟರು ಮೆಚ್ಚಿ ನುಡಿದರು. ಓಡುವ ಸ್ಥಿತಿಯಲ್ಲಿ ಇರಲಿಲ್ಲವೆಂಬುದನ್ನು ಅವರು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ಎಲೆಯಡಿಕೆ ಬಂತು, ಬೆಲ್ಲ ನೀರು ಬಂತು, ಮಾತು ಗಟ್ಟಿಯಾಯಿತು.

ಅಷ್ಟರಲ್ಲಿ ಮೂಲೆಯಿಂದ ಒಂದು ನರಳಾಟ ಕೇಳಿಸಿತು. ಭೋಜನನ್ನು ಮಗುಚುವಾಗ ಚೆನ್ನಯ್ಯನ ಸೊಂಟ ಹಿಡಿದಿತ್ತು. ಅವನಿಗೆ ಮದುವೆಯ ತಕರಾರು ಇರಲಿಲ್ಲ, ಮನೆಯಲ್ಲಿ ಹೆಂಡತಿ ಇದ್ದಳು. ಚಾಪೆಯಿಂದ ಭೋಜನನ್ನು ಸರಿಸಿ ಅವನನ್ನು ಕವುಚಿ ಹಾಕಿದರು. ಜಲಜ ಪಾದವಿಟ್ಟು ಒಮ್ಮೆ ಮೆಟ್ಟಿದಳು. ಟಕ್ಕೆಂದು ಸದ್ದಾಯಿತು. ಚೆನ್ನಯ್ಯ ಎದ್ದು ನಿಂತು, ಎಡಕ್ಕೆ ಬಗ್ಗಿ, ಬಲಕ್ಕೆ ಬಗ್ಗಿ, ಹುಟ್ಟಿದ ಮೇಲೆ ಇಷ್ಟು ಹಗುರಾಗಿದ್ದೇ ಇಲ್ಲ ಎಂದ. ಭೋಜ ಮಲಗಿದಲ್ಲಿಂದಲೇ ಅದನ್ನು ನೋಡಿ ಉಗುಳು ನುಂಗಿದ. ಮದುವೆಯಾದ ಮೇಲಾದರೂ ಒಮ್ಮೆ ಮೆಟ್ಟಬಹುದೇ ಎಂದು ಮಂಜಯ್ಯ ಶೆಟ್ಟರನ್ನು ಮೆತ್ತಗೆ ಕೇಳಿಯೂ ನೋಡಿದ. ಕಟ್ಟಿಕೊಂಡ ಗಂಡನ ಮೇಲೆ ಕಾಲಿಡುವುದುಂಟೇ ಎಂದು ಶೆಟ್ಟರು ಕಿವಿ ಮುಚ್ಚಿಕೊಂಡರು.

ಹೊರಡುವಾಗ ಅವನನ್ನು ಶೆಟ್ಟರ ಕಾರಿನ ಹಿಂದಿನ ಸೀಟಿನಲ್ಲಿ ಮಡಚಿ ಮಲಗಿಸಿದರು. ಜಲಜ ಒಂದು ಬಾಟ್ಲಿ ಎಣ್ಣೆ ತಂದು ಕಿಟಕಿಯಲ್ಲಿ ಕೊಟ್ಟಳು.

"ಕಾಲ್ ಆತಿಲ್ಲೆ ಅಂದ್ರ್ ಮಾವ," ಎಂದಳು ಸಣ್ಣ ದನಿಯಲ್ಲಿ. "ಕೈ ಆತಿಲ್ಲೆ ಅಂದೇಳಿ ಯಾರೂ ಹೇಳ್ಳಿಲ್ಲೆ."

ಆ ಮಾತನ್ನು ಇಟ್ಟುಕೊಂಡು ಭೋಜ ಹೆಮ್ಮಾಡಿಯವರೆಗಿನ ಹೊಂಡಗಳನ್ನೆಲ್ಲ ದಾಟಿದ.

ಹೋಟೆಲಿನ ಮುಂದೆ ಊರೇ ಕಾದಿತ್ತು. ಚೆನ್ನಯ್ಯ ಕಾರಿನಿಂದ ಜಿಗಿದಿಳಿದು, ನಡೆದದ್ದೆಲ್ಲವನ್ನೂ ತನ್ನ ಸೊಂಟವನ್ನು ತಿರುಗಿಸಿ ತೋರಿಸುತ್ತಲೇ ವಿವರಿಸಿದ. ಕೇಳಿದವರ ಮುಖವೆಲ್ಲ ಅರಳಿತು. ಇನ್ನು ಉಪ್ಪುಂದಕ್ಕೆ ಹೋಗುವ ಗೋಜಿಲ್ಲ, ಕಾಲು ಊರಿಗೇ ಬರುತ್ತದೆ. ಬೆಳಿಗ್ಗೆ ಬಿಸಿ ಮರಳು ಎಂದವನು ತನಗೆ ಎಡಗಡೆ ಹಿಡಿತವಿದೆ ಎಂದ, ತಣ್ಣೀರು ಎಂದವನು ತನಗೆ ಎರಡೂ ಕಡೆ ಎಂದ. ಮದುವೆಯನ್ನು ಬೇಗ ಇಟ್ಟುಕೊಳ್ಳಬೇಕೆಂದು ಎಲ್ಲರೂ ಸೇರಿ ಪದ್ದಕ್ಕನನ್ನು ಒತ್ತಾಯಿಸಿದರು. ಕೆಲವರು ಚಾಪೆಯನ್ನು ಹೋಟೆಲಿನ ಹಿಂದೆ ಹಾಸುವುದೋ ಮುಂದೆ ಹಾಸುವುದೋ ಎಂದು ಆಗಲೇ ಚರ್ಚೆಗೆ ಇಳಿದಿದ್ದರು. ಮದುಮಗನನ್ನು ಕಾರಿನಿಂದ ಇಳಿಸಬೇಕೆಂದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಭೋಜ ಸೀಟಿನ ಮೇಲೆ ಮಡಚಿಕೊಂಡೇ ಮಲಗಿ, ಇನ್ನು ಮುಂದೆ ಹೆಮ್ಮಾಡಿಯಲ್ಲಿ ತನ್ನ ಹೆಂಡತಿ ಮೆಟ್ಟಲಾಗದ ಬೆನ್ನು ಎಂದರೆ ಇದೊಂದೇ ಎಂದುಕೊಂಡು ನಕ್ಕ. ನಕ್ಕದ್ದಕ್ಕೆ ಸೊಂಟ ಇನ್ನೊಮ್ಮೆ ಹಿಡಿಯಿತು.