ಹಾರ್ನ್, ಮಾತ್ರೆ, ಮೈಸೂರು ಪಾಕ್

ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ಆಪ್ತಸಮಾಲೋಚಕಿ ಅಂದರೆ ದಿನವಿಡೀ ಅಳುಮುಖ ನೋಡುವ ಕೆಲಸ ಅಂದುಕೊಳ್ಳುತ್ತಾರೆ ಜನ. ಜಯನಗರದ ನನ್ನ ಪುಟ್ಟ ರೂಮಿನಲ್ಲಿ ನಗದೆ ಬಾಗಿಲು ಹಾಕಿದ ದಿನ ಕಡಿಮೆ. ಒಂದು ಜೋಡಿಯ ಕತೆಯನ್ನಷ್ಟೇ ಹೇಳುತ್ತೇನೆ. ಹೆಸರು ಕೇಳಬೇಡಿ.

೧. ಕಳ್ಳ-ಪೊಲೀಸ್

ಅವಳು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಗಂಡ ಆಟೋ ಡ್ರೈವರ್. ಬಸುರಿ ತಪಾಸಣೆಯಲ್ಲಿ ಅವಳಿಗೆ ಎಚ್‌ಐವಿ ಇರುವುದು ಗೊತ್ತಾಗಿತ್ತು. ಕೇಳಿದ್ದು ಒಂದೇ ಪ್ರಶ್ನೆ: "ಮಗೂಗೂ ಬರುತ್ತಾ ಮೇಡಂ?"

"ಯಾವ ವೈರಸ್ ಬಂದ್ರೂ ನಮ್ಮ ಬಿಳಿ ರಕ್ತಕಣಗಳು ಪೊಲೀಸರ ಥರ ಹಿಡೀತವೆ. ಈ ಕಳ್ಳ ಮಾತ್ರ ಪೊಲೀಸರೊಳಗೇ ಸೇರ್ಕೊಂಡು ತನ್ನಂಥವರನ್ನ ಹುಟ್ಟಿಸ್ತಾನೆ. ಮಾತ್ರೆ ತಪ್ಪಿಸದಿದ್ರೆ ಅದು ನಿಲ್ಲುತ್ತೆ, ಪೊಲೀಸರು ಚೇತರಿಸ್ಕೋತಾರೆ, ಮಗೂಗೆ ಬರೋ ಭಯಾನೂ ತುಂಬಾ ಕಮ್ಮಿ" ಅಂದೆ.

ಗಂಡ ಗಂಭೀರವಾಗಿ ತಲೆಯಾಡಿಸಿದ. "ಕಳ್ಳ ಯೂನಿಫಾರ್ಮಲ್ಲೇ ಇರ್ತಾನೆ ಅಂತೀರ. ಗೊತ್ತು ಬಿಡಿ ಮೇಡಂ, ದಿನಾ ಸಿಗ್ನಲ್ ಹತ್ರ ನೋಡ್ತೀನಿ."

೨. ಎಂಟು ಗಂಟೆ

ಹೆಂಡತಿ ಮಾತ್ರೆ ಮರೆಯಬಾರದೆಂದು ಅವನು ರಾತ್ರಿ ಎಂಟಕ್ಕೆ ಪದ್ಮನಾಭನಗರದ ತನ್ನ ಮನೆ ಮುಂದೆ ಬಂದು ಹಾರ್ನ್ ಬಾರಿಸಿ ಹೋಗುತ್ತಿದ್ದ. ಫೋನ್ ಮಾಡಬಾರದೇನಪ್ಪಾ ಅಂದೆ.

"ಅವಳು ಫೋನ್ ಸೈಲೆಂಟಲ್ಲಿ ಇಡ್ತಾಳೆ ಮೇಡಂ. ಆಟೋನ ಸೈಲೆಂಟಲ್ಲಿ ಇಡಕ್ಕಾಗುತ್ತಾ?"

ಒಂದು ರಾತ್ರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ತಡವಾಗಿ ಬಂದ. ಹೆಂಡತಿ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿ ಕೂತಿದ್ದಳು. ಎದುರು ಮನೆಯ ರಿಟೈರ್ಡ್ ಅಂಕಲ್ ಮಾತ್ರ ಗೇಟಿನಲ್ಲಿ ನಿಂತು ಕುದಿಯುತ್ತಿದ್ದರು.

"ಏನಯ್ಯಾ, ಟೈಮಿಗೆ ಬರಬಾರ್ದಾ? ನಿನ್ನ ಹಾರ್ನ್ ನಂಬ್ಕೊಂಡು ನನ್ನ ಬಿ.ಪಿ. ಮಾತ್ರೆ ಹಾಗೇ ಕೂತಿದೆ!"

೩. ರಿಸಲ್ಟು

ಗಂಡು ಮಗುವಾಯಿತು. ಮಗುವಿಗೂ ಔಷಧಿ ಕೊಟ್ಟೆವು. ಆದರೆ ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಮಗುವಿನಲ್ಲಿ ಬಹಳ ದಿನ ಉಳಿದು ಪರೀಕ್ಷೆಯನ್ನು ದಾರಿ ತಪ್ಪಿಸುತ್ತವೆ. ಅವು ಹೋದ ಮೇಲೆ, ಒಂದೂವರೆ ವರ್ಷಕ್ಕೆ, ಕೊನೆಯ ಪರೀಕ್ಷೆ. ಅಲ್ಲಿಯವರೆಗೆ ಅವಳು ಸರಿಯಾಗಿ ನಿದ್ದೆ ಮಾಡಿರಲಾರಳು.

ಅವರೆದುರೇ ರಿಪೋರ್ಟ್ ತೆರೆದೆ. ನೆಗೆಟಿವ್! ಗಂಡ ಗೊಳೋ ಎಂದು ಅತ್ತ. ಒಂದು ದಿನವೂ ಮಾತ್ರೆ ತಪ್ಪಿಸದವಳು ಮಗನನ್ನು ಎತ್ತಿಕೊಂಡು ನೆಟ್ಟಗೆ ನಿಂತಿದ್ದಳು. ನನಗಂತೂ ಸ್ವಂತ ಮಗಳಿಗೆ ರ‍್ಯಾಂಕ್ ಬಂದಷ್ಟು ಹೆಮ್ಮೆ.

ಅವತ್ತೇ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದಳಂತೆ. ಏನು ವಿಶೇಷ ಅಂತ ಅವರ ಬಾಡಿಗೆ ಮನೆಯ ಓನರ್ ಆಂಟಿ ಕೇಳಿದರು. ನಿಜ ಹೇಳುವ ಹಾಗಿಲ್ಲ. "ಮಗ ಟೆಸ್ಟಲ್ಲಿ ಪಾಸಾದ ಆಂಟಿ" ಅಂದುಬಿಟ್ಟಳು.

ಮನೆಗೊಂದು ಟ್ಯೂಷನ್ ಬೋರ್ಡಿರುವ ಬೀದಿ ಅದು. ಆಂಟಿಗೆ ಅನುಮಾನವೇ ಬರಲಿಲ್ಲ, ಗಾಬರಿಯಾಯಿತು. ಅವರ ಮೊಮ್ಮಗನಿಗೂ ಅದೇ ವಯಸ್ಸು.

"ಅಯ್ಯೋ, ಯಾವ ಟ್ಯೂಷನ್ನಿಗೆ ಹಾಕಿದ್ದೆ? ನಮಗೊಂದು ಮಾತು ಹೇಳ್ಬಾರ್ದಿತ್ತಾ?"

ಇವಳು ತಲೆಯೆತ್ತಿ ಹೇಳಿದಳಂತೆ: "ಟ್ಯೂಷನ್ ಗೀಷನ್ ಏನಿಲ್ಲ ಆಂಟಿ. ಹೊಟ್ಟೇಲಿದ್ದಾಗಿಂದ್ಲೂ ನಾನೇ ಓದ್ಸಿದ್ದು!"