ತಕ್ಕಡಿ ಸಾಹೇಬರಿಗೆ ಬಂದ ‘ಇಲ್ಲದ’ ಸಂದೇಶ

ಅಂಗಡಿಗಳ ತಕ್ಕಡಿ ಸರಿಯಾಗಿ ತೂಗುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸುವ ಅಧಿಕಾರಿಗೆ ಬೀದಿಯ ಜನ ಇಟ್ಟ ಹೆಸರು ತಕ್ಕಡಿ ಸಾಹೇಬರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಈ ಮಹಾನುಭಾವರ ನೆಮ್ಮದಿ ಕೆಡಿಸಿದ್ದು ಅವರದೇ ಮೊಬೈಲಿನ ನೆತ್ತಿಯ ಮೇಲೆ ಕುಳಿತ ಸಾಸಿವೆ ಕಾಳಿನಷ್ಟು ಗುರುತು: ‘ಹೊಸ ವಾಯ್ಸ್‌ಮೇಲ್ ಇದೆ.’ ಅಂದರೆ, ಎತ್ತದ ಕರೆಗೆ ಬೇಸತ್ತು ಯಾರೋ ಯಂತ್ರದಲ್ಲಿ ಮಾತು ಬಿಟ್ಟುಹೋಗಿದ್ದಾರೆ.

ಬೆರಳಿನಿಂದ ಎಷ್ಟು ತಳ್ಳಿದರೂ ಅದು ಹೋಗದು. ಫೋನನ್ನು ಆರಿಸಿ ಮತ್ತೆ ಹೊತ್ತಿಸಿದರೆ, ಸ್ನಾನ ಮುಗಿಸಿ ಬಂದ ನೆಂಟನಂತೆ ಇನ್ನಷ್ಟು ಲಕಲಕಿಸುತ್ತ ಹಾಜರು. ಸಾಹೇಬರು ಸೆಟ್ಟಿಂಗ್ಸ್ ಎಂಬ ಪಾತಾಳಕ್ಕಿಳಿದು ಕಂಡದ್ದನ್ನೆಲ್ಲ ಬಂದ್ ಮಾಡಿದರು. ಅಲಾರಂ ನಿಂತಿತು (ಮರುದಿನ ಕಚೇರಿಗೆ ತಡವೂ ಆಯಿತು). ಗುರುತು ಮಾತ್ರ ಜಗ್ಗಲಿಲ್ಲ.

“ರೀ, ಅದನ್ನ ಕಳಿಸೋಕೆ ಒಂದೇ ದಾರಿ,” ಎಂದರು ಹೆಂಡತಿ, ಭಾನುವಾರದ ತಿಂಡಿಯ ಹೊತ್ತಿನಲ್ಲಿ. “ಯಾರು ಏನು ಹೇಳಿದಾರೋ ಕೇಳಿಬಿಡಿ.”

“ಹೇಳಿದವರಿದ್ರೆ ತಾನೇ ಕೇಳೋದು? ನನಗೆ ಗೊತ್ತಿರೋರಲ್ಲಿ ಯಂತ್ರದ ಜೊತೆ ಹರಟೆ ಹೊಡೆಯೋರು ಯಾರೂ ಇಲ್ಲ. ಇದು ಕಂಪನಿಯ ಕಂಪ್ಯೂಟರಿಗೆ ಹಿಡಿದಿರೋ ಭ್ರಮೆ. ಸಾಕ್ಷ್ಯ ಇಲ್ಲದೆ ನಾನು ಯಾವುದನ್ನೂ ನಂಬಲ್ಲ.”

“ಸಾಕ್ಷ್ಯ ಒಳಗೇ ಕೂತಿದೆ. ನೀವು ಬಾಗಿಲು ತೆಗೀತಿಲ್ಲ, ಅಷ್ಟೇ.”

ಬಾಗಿಲು ತೆಗೆಯಲು ಒಂದು ಗುಪ್ತಸಂಖ್ಯೆ ಬೇಕಿತ್ತು. ಸಾಹೇಬರು ಅದನ್ನು ಮರೆತಿದ್ದರು. ಕಂಪನಿಗೆ ಫೋನ್ ಮಾಡಿ ‘ಮರೆತೆ’ ಎನ್ನಲು ಸಮಸ್ತ ಅಳತೆ-ತೂಕ ಇಲಾಖೆಯ ಘನತೆ ಅಡ್ಡ ಬರುತ್ತಿತ್ತು.

ಈ ಮನೆಯಲ್ಲಿ ಅದಕ್ಕಿಂತ ಹಳೆಯ ವ್ಯಾಜ್ಯವೊಂದಿತ್ತು. ಬೀದಿಯ ಕಡೆಯ, ಚೆನ್ನಾಗಿ ಬೆಳಕು ಬೀಳುವ ಕೋಣೆ ಸಾಹೇಬರ ಪ್ರಯೋಗಾಲಯ. ಹೆಂಡತಿಯ ಹೊಲಿಗೆ ಮೆಷಿನ್ ಮಾತ್ರ ಅಡುಗೆಮನೆಯಲ್ಲಿ, ಫ್ರಿಜ್ಜಿಗೂ ಗೋಡೆಗೂ ನಡುವೆ. ಅಲ್ಲಿ ಹೊಲಿದ ಬಟ್ಟೆಗಳಿಗೆಲ್ಲ ಈರುಳ್ಳಿ ವಾಸನೆ ಎಂದು ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗತೊಡಗಿದ್ದರು.

“ಹಾಗಾದ್ರೆ ಪಂಥ,” ಎಂದರು ಹೆಂಡತಿ. “ಒಳಗೆ ಮನುಷ್ಯರ ದನಿ ಇದ್ರೆ ಆ ಕೋಣೆ ನನ್ನ ಮೆಷಿನ್‌ಗೆ. ಇಲ್ದಿದ್ರೆ ಇನ್ಮೇಲೆ ನಾನು ಕೋಣೆ ಮಾತೇ ಎತ್ತಲ್ಲ.”

“ಒಪ್ಪಿದೆ! ಆದ್ರೆ ಅಲ್ಲಿರೋದೆಲ್ಲ ಅಮೂಲ್ಯ ಉಪಕರಣ, ತಿಳ್ಕೋ. ಒಂದೊಂದೂ ಕೆಲಸಕ್ಕೆ ಬರೋದು.”

“ನಾನಿದೀನಿ ಸಾಕ್ಷಿಗೆ,” ಎಂದು ಸಾಹೇಬರ ತಾಯಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. “ಆಮೇಲೆ ಮಾತು ತಿರುಗಿಸಬೇಡ ಕಣೋ, ನಿಮ್ಮಪ್ಪನ ಹಾಗೆ.”

ಹೆಂಡತಿಯೇ ಕಂಪನಿಗೆ ಫೋನ್ ಮಾಡಿ, ಘನತೆಗೆ ಕುಂದು ಬಾರದಂತೆ ಹೊಸ ಗುಪ್ತಸಂಖ್ಯೆ ತರಿಸಿದರು. ಫೋನನ್ನು ಮೇಜಿನ ನಡುವೆ ಇಟ್ಟು ಸ್ಪೀಕರ್ ಹಾಕಿದ್ದಾಯಿತು. ‘ನಿಮಗೆ ಒಂದು ಹೊಸ ಸಂದೇಶವಿದೆ’ ಎಂದಿತು ಯಂತ್ರ. ನಂತರ ನಿಶ್ಶಬ್ದ. ಸಾಹೇಬರ ಮುಖ ಅರಳಿತು.

“ಕೇಳಿದ್ರಾ? ಬರೀ ಶೂನ್ಯ!”

ಧಡ್ ಎಂದು ಏನೋ ಬಿದ್ದ ಸದ್ದಾಯಿತು ಫೋನಿನೊಳಗೆ. ಹಿಂದೆಯೇ ಒಂದು ದನಿ: “ಎಲ್ಲಿ ಹಾಳಾಗಿ ಹೋಯ್ತು ಈ ಫೋನು?”

ದನಿ ಸಾಕ್ಷಾತ್ ಸಾಹೇಬರದು.

ಆಗ ಅವರಿಗೆ ಎಲ್ಲವೂ ನೆನಪಾಯಿತು. ಹಿಂದಿನ ತಿಂಗಳು, ಪೂರ್ತಿ ಚಾರ್ಜ್ ಆದ ಫೋನು ಖಾಲಿ ಫೋನಿಗಿಂತ ಹೆಚ್ಚು ತೂಗುತ್ತದೆಯೇ ಎಂಬ ಘನಗಂಭೀರ ಪ್ರಶ್ನೆ ಹುಟ್ಟಿ, ಫೋನನ್ನು ಪ್ರಯೋಗಾಲಯದ ತಕ್ಕಡಿಯೊಂದರ ಮೇಲಿಟ್ಟು ಮರೆತಿದ್ದರು. ಹುಡುಕಲೆಂದು ಹೆಂಡತಿಯ ಫೋನಿನಿಂದ ತಮ್ಮದೇ ನಂಬರಿಗೆ ಕರೆ ಮಾಡಿದ್ದರು. ಸೈಲೆಂಟಿನಲ್ಲಿದ್ದ ಫೋನು ಸದ್ದು ಮಾಡಲಿಲ್ಲ. ಯಾರೂ ಎತ್ತದ ಕರೆ ವಾಯ್ಸ್‌ಮೇಲಿಗೆ ಹೋಯಿತು. ಕರೆಯನ್ನು ಕಡಿಯದೆ ಹೆಂಡತಿಯ ಫೋನನ್ನು ಜೇಬಿಗಿಳಿಸಿ ಸಾಹೇಬರು ತಡಕಾಡಿದ್ದಷ್ಟೂ ಹೊತ್ತು ಯಂತ್ರ ಭಕ್ತಿಯಿಂದ ಕಿವಿಗೊಟ್ಟಿತ್ತು.

“ನಿಲ್ಲಿಸು, ನಿಲ್ಲಿಸು!” ಎಂದು ಕೈ ಚಾಚಿದರು. ತಾಯಿ ಆ ಕೈಗೆ ಒಂದು ಪೆಟ್ಟು ಕೊಟ್ಟರು.

ದನಿ ಮುಂದುವರಿಯಿತು: “ಥೂ, ಕಾಲಿಡೋಕೆ ಜಾಗ ಇಲ್ಲ. ಈ ತಕ್ಕಡಿಗೆ ಒಂದು ತಟ್ಟೆನೇ ಇಲ್ಲ. ಈ ಥರ್ಮಾಮೀಟರಲ್ಲಿ ಪಾದರಸ ಇಲ್ಲ. ಗುಜರಿಯವನೂ ಮುಟ್ಟಲ್ಲ ಇದನ್ನ. ಎಲ್ಲಾ ಎಸೆದುಬಿಡಬೇಕು... ಬೇಡ ಬೇಡ. ಖಾಲಿ ಮಾಡಿದ್ರೆ ಮಾರನೇ ದಿನವೇ ಅವಳ ಮೆಷಿನ್ ಒಳಗೆ ಬರತ್ತೆ. ಇರಲಿ, ಇರಲಿ. ...ಆಹಾ, ಇಲ್ಲಿ ಕೂತಿದ್ಯಾ!”

ಟಕ್.

“ದನಿ ಮನುಷ್ಯರದ್ದೇ ಅಲ್ವೇನೇ?” ಎಂದರು ತಾಯಿ, ನಕ್ಕು ನಕ್ಕು ಒದ್ದೆಯಾದ ಕಣ್ಣನ್ನು ಸೆರಗಿನಿಂದ ಒರೆಸಿಕೊಳ್ಳುತ್ತ.

“ಸ್ವಲ್ಪ ಅನುಮಾನ ಇದೆ ಅತ್ತೆ. ಆದ್ರೂ ಒಪ್ಕೋತೀನಿ.”

“ತನಗೆ ತಾನೇ ಕಳಿಸ್ಕೊಂಡದ್ದು ಸಂದೇಶ ಆಗಲ್ಲ,” ಎಂದು ಸಾಹೇಬರು ತೊದಲಿದರು. “ವೈಜ್ಞಾನಿಕವಾಗಿ ನೋಡಿದ್ರೆ...”

“ಸಾಕ್ಷ್ಯ ಕೇಳಿದ್ರಿ, ಸಿಕ್ತು. ಅದೂ ತಜ್ಞರ ಬಾಯಿಂದಲೇ. ಏಳಿ, ಮೆಷಿನ್ನಿನ ಆ ಕಡೆ ಹಿಡ್ಕೊಳ್ಳಿ.”

ಸಂಜೆ ಹೊತ್ತಿಗೆ ಪ್ರಯೋಗಾಲಯದಲ್ಲಿ ಟರಟರ ಸದ್ದು ಶುರುವಾಗಿತ್ತು. ಗುಜರಿಯವನೂ ಮುಟ್ಟದ (ಆತ ನಿಜಕ್ಕೂ ಮುಟ್ಟಲಿಲ್ಲ) ಉಪಕರಣಗಳ ನಡುವೆ, ಫ್ರಿಜ್ಜಿಗೂ ಗೋಡೆಗೂ ಮಧ್ಯೆ, ಸಾಹೇಬರು ಸ್ಟೂಲಿನ ಮೇಲೆ ಕುಳಿತಿದ್ದರು. ಒಂದೇ ಸಮಾಧಾನವೆಂದರೆ, ಫೋನಿನ ನೆತ್ತಿ ತೊಳೆದ ಬಟ್ಟಲಿನಂತೆ ಸ್ವಚ್ಛವಾಗಿತ್ತು.

ಫೋನನ್ನು ಮಗುಚಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಎತ್ತಿ ನೋಡಿದರೆ ಗುರುತು ಮತ್ತೆ ಮೂಡಿತ್ತು!

“ಅಮ್ಮಾ, ಬಾ ಇಲ್ಲಿ! ಈ ಸಲ ಯಾರೂ ಫೋನೇ ಮಾಡಿಲ್ಲ. ಭ್ರಮೆ ಅಂತ ನಾನು ಅಂದಿರಲಿಲ್ವಾ?” ಸಾಹೇಬರು ಗೆದ್ದ ಉತ್ಸಾಹದಲ್ಲಿ ಸ್ಪೀಕರ್ ಒತ್ತಿದರು.

ಮೆಷಿನ್ನಿನ ಟರಟರದ ನಡುವಿನಿಂದ ಹೆಂಡತಿಯ ದನಿ ತೇಲಿಬಂತು: “ರೀ, ಎಷ್ಟು ಸಲ ಫೋನ್ ಮಾಡೋದು? ಮೊದ್ಲು ಆ ಸೈಲೆಂಟ್ ತೆಗೀರಿ. ಹಾಗೇ ನನ್ನ ಕೋಣೆಗೆ ಒಂದು ಲೋಟ ಕಾಫಿ ತನ್ನಿ.”

ಸಾಹೇಬರು ಎದ್ದು ಹಾಲು ಕಾಯಿಸಲಿಟ್ಟರು. ಒಂದೇ ತಟ್ಟೆಯ ತಕ್ಕಡಿಯತ್ತ ಒಮ್ಮೆ ನೋಡಿ, ಜೀವನದಲ್ಲಿ ಮೊದಲ ಬಾರಿಗೆ, ಸಕ್ಕರೆಯನ್ನು ಅಂದಾಜಿನ ಮೇಲೆ ಹಾಕಿದರು.